ಹಾಲಸಿದ್ದನ ಪಟಕಾ

ಯುದ್ಧದ ಕಾಲ, ಬಟ್ಟೆಗೆಲ್ಲ ಕಂಟ್ರೋಲು. ಗಡಹಿಂಗ್ಲಜದ ಸಂತೆಯ ದಾರಿಯಲ್ಲಿ ಸೋನಾಬಾಯಿಯ ಅರವಟ್ಟಿಗೆ ಅಂದು ಹೊತ್ತೇರಿದರೂ ತೆರೆದಿರಲಿಲ್ಲ. ಅತ್ತೆ ಶುರುಮಾಡಿದ ಧರ್ಮ, ಬೇಸಿಗೆಯ ಒಂದು ಸಂತೆಯೂ ತಪ್ಪಿದ್ದಿಲ್ಲ. ತನ್ನ ಕೈಯಲ್ಲಿ ತಪ್ಪೀತೆಂಬ ಸಂಕಟಕ್ಕೆ ಸೋನಾಬಾಯಿ ಬೆಳಗಿನಿಂದ ತುತ್ತು ಮುಟ್ಟಿರಲಿಲ್ಲ.

ಹೊಳೆಯಿಂದ ತಂದ ನೀರು ಕೊಡಗಳಲ್ಲಿ ತುಂಬಿತ್ತು. ಇಲ್ಲದ್ದು ಸೋಸುವ ಬಟ್ಟೆ. ಹಳೆಯದು ಜಾಳಾಗಿ, ಹಿಂಡುವಾಗ ಹರಿದಿತ್ತು. ಜೈನರ ಕೈಯ ನೀರು. ಸೋಸದೆ ಕೊಡುವಂತಿಲ್ಲ, ತೊಟ್ಟು ಬಿಟ್ಟ ಬಟ್ಟೆಯಲ್ಲಿ ಸೋಸುವಂತೆಯೂ ಇಲ್ಲ. ಇಚಲಕರಂಜಿಗೆ ಹೋಗಿದ್ದ ಮೈದುನ ಪದ್ಮಕುಮಾರ ಬರಿಗೈಯಲ್ಲಿ ಬಂದಿದ್ದ.

"ಮಗ್ಗದ ಊರಾಗೂ ಒಂದ ಮೊಳ ಸಿಗಲಿಲ್ಲ, ವೈನಿ. ಇವತ್ತೊಂದಿನ ಮುಚ್ಚರಿ."

"ನೀರಡಿಸಿ ಬಂದವರಿಗೆ ಮುಂದಿನ ಸಂತಿಗೆ ಬರ್ರಿ ಅನ್ನಲೇನು?"

ಆಗ ಬಂದವನು ಕುರುಬರ ಹಾಲಸಿದ್ದ. ಪ್ರತಿ ಸಂತೆಗೂ ಮೂರು ತಂಬಿಗೆ ಕುಡಿಯುವುದು, ಕೆಳಗೆ ಚೆಲ್ಲಿದ ನೀರಿಗೆ ಕುರಿ ಬಿಡುವುದು, ಸೋನಾಬಾಯಿಯಿಂದ ಬೈಸಿಕೊಳ್ಳುವುದು ಇವನ ರೂಢಿ. ಅರವಟ್ಟಿಗೆಗೆ ಇವನಿಂದ ಕವಡೆಕಾಸಿನ ಉಪಕಾರವಿರಲಿಲ್ಲ.

"ನೀರಿಲ್ಲ, ಮುಂದ ಹೋಗು," ಎಂದ ಸೋನಾಬಾಯಿ ಸಿಟ್ಟಿನಲ್ಲೇ ಕಾರಣವನ್ನೂ ಹೇಳಿದಳು.

ಹಾಲಸಿದ್ದ ಬಗಲಿನ ಗಂಟು ಬಿಚ್ಚಿ ಮಡಿಕೆ ಮುರಿಯದ ಬಿಳಿ ಪಟಕಾ ತೆಗೆದ. ಧೂಳು ಬಿದ್ದೀತೆಂದು ಹಾದಿಯಲ್ಲಿ ತಲೆಗೆ ಸುತ್ತಿರಲಿಲ್ಲ. ಇಲ್ಲಿ ಮುಖ ತೊಳೆದು, ಗತ್ತಿನಿಂದ ಸುತ್ತಿಕೊಂಡು ಸಂತೆ ಹೊಗಬೇಕೆಂದಿದ್ದ.

"ಇದನ್ನ ಹರಕೋರಿ ಅವ್ವಾರ. ತಲಿಗೆ ಹಚ್ಚಿಲ್ಲ."

"ನಿನಗ?"

"ಹಳೇದು ಮೊಮ್ಮಗಳಿಗೆ ಕುಂಚಗಿ-ಕುಲಾವಿ ಹೊಲ್ಯಾಕ ಹೋತು. ತಲಿಗೇನ ನೀರಡಿಕಿ ಆಕ್ಕೈತೇನ್ರಿ?"

ಮೊದಲೇ ಕಂಟ್ರೋಲಿನ ತುಂಡು. ಸೋಸಿದ ನೀರು ಹಿಡಿಯುವ ಹರವಿಗಳ ಬಾಯಿಗೆ ಎರಡೆರಡು ಮಡಿಕೆ ಹಾಕುವಷ್ಟರಲ್ಲಿ ಪೂರಾ ಮುಗಿಯಿತು. ನೀರು ಇಳಿಯಿತು, ಜನ ಮುಗಿಬಿದ್ದರು.

ಆದರೆ ಗಂಡಸು ಬರಿತಲೆಯಲ್ಲಿ ಸಂತೆಗೆ ಬಂದನೆಂದರೆ ಮನೆಯಲ್ಲಿ ಸಾವಾಗಿದೆ ಎಂದೇ ಜನರ ತಿಳಿವಳಿಕೆ. ಬೆಲ್ಲದ ವ್ಯಾಪಾರಿ ಅಲ್ಲಪ್ಪ ಹಾಲಸಿದ್ದನ ಕೈಹಿಡಿದು, "ಯಾರ ಹೋದ್ರೋ?" ಎಂದ. ಬಳೆ ಮಾರುವ ಮಲಕವ್ವ ಕೇಳುವ ಗೋಜಿಗೂ ಹೋಗದೆ ಬಾಯಿಗೆ ಸೆರಗು ಹಚ್ಚಿ ಅಳತೊಡಗಿದಳು. ಯಾರೂ ಸತ್ತಿಲ್ಲವೆಂದು ಹೇಳಿ ಹೇಳಿ ಹಾಲಸಿದ್ದ ದಣಿದ. ಪಟಕಾ ಎಲ್ಲಿ ಹೋಯಿತೆಂದು ಮಾತ್ರ ಹೇಳಲಿಲ್ಲ, ಪುಣ್ಯಾತ್ಮ. ಮಧ್ಯಾಹ್ನ ಎರಡನೇ ಸಲ ನೀರಿಗೆ ಬಂದಾಗಲೂ ಹಿಂದೆ ಅಲ್ಲಪ್ಪನೂ ಸೇರಿ ನಾಲ್ಕು ಮಂದಿ ಸಮಾಧಾನ ಹೇಳುತ್ತ ಬಂದರು.

ಸೋನಾಬಾಯಿಗೆ ತಡೆಯಲಾಗಲಿಲ್ಲ. ಅರವಟ್ಟಿಗೆಯ ಹೊಸ್ತಿಲು ದಾಟಿ ಎಂದೂ ದನಿ ಎತ್ತದ ಹೆಂಗಸು ತಂಬಿಗೆ ಹಿಡಿದು ನಡುರಸ್ತೆಗೆ ಬಂದಳು.

"ಇವನ ಮನ್ಯಾಗ ಯಾರೂ ಸತ್ತಿಲ್ಲ! ಮುಂಜಾನಿಂದ ನೀವು ಕುಡದ ನೀರು ಇವನ ಹೊಸಾ ಪಟಕಾದಾಗ ಸೋಸಿದ್ದು. ಇವ ಕೊಡದಿದ್ರ ಈ ಅರವಟಗಿ ಇವತ್ತ ಬಾಗಲಾ ತೆರೀತಿರಲಿಲ್ಲ!"

ಅಲ್ಲಪ್ಪ ಬಾಯಲ್ಲಿದ್ದ ನೀರು ನುಂಗಿದ. ಹೆಗಲ ಮೇಲಿನ ಟವೆಲು ತೆಗೆದು ಹಾಲಸಿದ್ದನ ತಲೆಗೆ ಸುತ್ತಲು ಮುಂದಾದ. ಸೋನಾಬಾಯಿ ಇನ್ನೊಂದು ತಂಬಿಗೆ ತುಂಬಿ ತಾನೇ ಕುರಿಗಳ ಮುಂದೆ ಸುರಿದಳು.

"ಬ್ಯಾಡ್ರಿ ಸಾವಕಾರ," ಎಂದು ಹಾಲಸಿದ್ದ ಮೀಸೆ ಒರೆಸಿಕೊಂಡ. "ಇನ್ನ ಯಾರೂ ಕೇಳೂದಿಲ್ಲ."

ಬರಿತಲೆಯಲ್ಲೇ ಕುರಿ ಹೊಡೆದುಕೊಂಡು ಸಂತೆಯ ನಟ್ಟನಡುವೆ ಹೋದ.