ಅಜ್ಜಿಯ ಬಾಯಿಯ ಚಿನ್ನ

ನನ್ನ ಮಗಳು ಜಿಲೋಲಾಳನ್ನು ಮೊದಲ ಸಲ ತೊಟ್ಟಿಲಿಗೆ ಹಾಕಿದ ದಿನ ನಮ್ಮತ್ತೆ ಸಾನೊಬರ್ ಬಂದ ಹೆಂಗಸರೆಲ್ಲರ ಮುಂದೆ ಒಂದು ಮಾತು ಕೊಟ್ಟರು.

"ಈ ಕೂಸಿನ ಮದುವೆ ದಿನ ಇದರ ಬಾಯಲ್ಲಿ ನನ್ನ ಚಿನ್ನ ಇರತ್ತೆ. ಇಲ್ದಿದ್ರೆ ನಾನು ಸಾನೊಬರ್ ಅಲ್ಲ."

ಕೂಸಿಗೆ ಆಗಿನ್ನೂ ಹಲ್ಲೇ ಬಂದಿರಲಿಲ್ಲ. ಆದರೂ ಎಲ್ಲರೂ ಎರಡೂ ಅಂಗೈಗಳನ್ನು ಮುಖದ ಮೇಲೆ ಸವರಿಕೊಂಡು ಆಮೀನ್ ಅಂದರು. ಹಾಗಂದ ಮೇಲೆ ನಮ್ಮೂರು ಮಾರ್ಗಿಲಾನಿನಲ್ಲಿ ಮಾತು ಹಿಂದಕ್ಕೆ ಹೋಗುವುದಿಲ್ಲ.

ನಾನು ಆಮೀನ್ ಅನ್ನಲಿಲ್ಲ. ಬಾಯಿ ಮುಚ್ಚಿಕೊಂಡಿದ್ದೆ. ಆ ಬಾಯೊಳಗೆ ನಾಲ್ಕು ಚಿನ್ನದ ಹಲ್ಲುಗಳಿದ್ದವು. ನನ್ನ ಮದುವೆಗೆ ಮುಂಚೆ ಅತ್ತೆಯೇ ಕರೆದೊಯ್ದು, ಹಸಿ ಸೇಬು ಕಚ್ಚುತ್ತಿದ್ದ ಗಟ್ಟಿ ಹಲ್ಲುಗಳನ್ನು ಅರೆಸಿ, ಮೇಲೆ ಚಿನ್ನದ ಟೋಪಿ ತೊಡಿಸಿದ್ದರು. ಮಿನುಗದ ಬಾಯಿಯ ಸೊಸೆಯನ್ನು ಮನೆ ತುಂಬಿಸಿಕೊಂಡರೆ ಓಣಿಯವರು ಏನಂದಾರು. ಅಂದಿನಿಂದ ತಣ್ಣೀರು ಕುಡಿದರೆ ಜುಮ್ಮೆನ್ನುವುದು ನೆತ್ತಿಗೇರುತ್ತದೆ. ಮಗಳ ಹಲ್ಲಿಗೆ ಆ ಅರೆಯುವ ಯಂತ್ರ ತಗಲಬಾರದು ಎಂಬುದೊಂದೇ ನನ್ನ ಹಟ. ಅದನ್ನು ಅತ್ತೆಯೆದುರು ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ಈ ವಸಂತದಲ್ಲಿ ಜಿಲೋಲಾಳ ಮದುವೆ ಗೊತ್ತಾಯಿತು. ಅತ್ತೆ ಮಾರನೆಯ ದಿನವೇ ಚಿನ್ನದ ಮಾತೆತ್ತಿದರು.

"ಅಜ್ಜಿ, ಈಗ ಚಿನ್ನದ ಹಲ್ಲು ಯಾರೂ ಹಾಕಿಸಲ್ಲ. ಬಜಾರಲ್ಲಿ ಮೂಲಂಗಿ ಮಾರೋರ ತರ ಕಾಣತ್ತೆ."

"ಆ ಮೂಲಂಗಿ ಮಾರಿಯೇ ನಿಮ್ಮಪ್ಪನ್ನ ಸಾಕಿದ್ದು ಕಣೆ."

ಆ ವಾರ ಜಿಲೋಲಾ ಸಂಜೆ ಮನೆಗೆ ಬಂದು ತುಟಿ ಎತ್ತಿ ತೋರಿಸಿದಳು. ಕೋರೆಹಲ್ಲಿನ ಮೇಲೆ ಎಳ್ಳಿನಷ್ಟು ದಪ್ಪದ ಹರಳು ಮಿಣಮಿಣ ಅನ್ನುತ್ತಿತ್ತು. ಉಗುರು ಅಲಂಕಾರದ ಅಂಗಡಿ ಇಟ್ಟಿರುವ ಗೆಳತಿ ಅಂಟಿಸಿ ಕೊಟ್ಟಿದ್ದಳಂತೆ.

"ಬಾಟ್ಲಿ ಒಡೆದು ಅಂಟಿಸ್ಕೊಂಡು ಬಂದಿದಾಳೆ" ಅಂದರು ಅತ್ತೆ.

"ಹಲ್ಲು ಅರೆಯೋದೇ ಇಲ್ಲ ಅಜ್ಜಿ. ಬರೀ ಅಂಟಿಸೋದು."

ಅರೆಯೋದೇ ಇಲ್ಲ. ನನ್ನ ಕಿವಿಗೆ ಬಿದ್ದದ್ದು ಅಷ್ಟೇ. ತುಟಿಗೆ ಬಣ್ಣ ಹಚ್ಚಿದರೆ ರೇಗುತ್ತಿದ್ದ ನಾನು ಆ ಕ್ಷಣದಿಂದ ಹರಳಿನ ವಕೀಲಳಾದೆ. "ಈಗಿನ ಕಾಲದ ಚಿನ್ನ ಅದೇ ಅತ್ತೆ. ಗಂಡಿನ ಕಡೆಯೋರೂ ಇದನ್ನೇ ಮೆಚ್ಚೋದು." ಗಂಡಿನ ಕಡೆಯವರನ್ನು ನಾನು ಕೇಳಿಯೇ ಇರಲಿಲ್ಲ.

"ಯಾವ ಅಂಟು?" ಎಂದು ಮಾತ್ರ ಒಮ್ಮೆ ಕೇಳಿದೆ.

"ಉಗುರಿಗೆ ಹಾಕ್ತಾಳಲ್ಲ, ಅದೇ. ಕುದುರೆ ಕಟ್ಟಿ ಎಳೆದ್ರೂ ಬರಲ್ವಂತೆ."

ಮುಂದೆ ಕೇಳಲಿಲ್ಲ. ಬೇಕಾದ ಉತ್ತರ ಸಿಕ್ಕಮೇಲೆ ಯಾರು ಕೇಳುತ್ತಾರೆ.

ಕುದುರೆ ಬೇಕಾಗಲಿಲ್ಲ, ಕಲ್ಲುಸಕ್ಕರೆ ಸಾಕಾಯಿತು. ದ್ರಾಕ್ಷಿ ಚಪ್ಪರದಡಿ ಕೂತು ಚಹಾ ಕುಡಿಯುವಾಗ ಜಿಲೋಲಾ ಒಂದು ಹೆಂಟೆಯನ್ನು ಕಟುಂ ಎಂದು ಕಚ್ಚಿದಳು. ಅದರೊಂದಿಗೆ ಹರಳೂ ಉದುರಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಚಹಾ ಮುಗಿದ ಮೇಲೆ ನಮ್ಮತ್ತೆಯದೊಂದು ನೇಮವಿದೆ. ಹಾಸಿದ ಬಟ್ಟೆಯ ಮೇಲೆ ಬಿದ್ದ ರೊಟ್ಟಿಯ ಚೂರು, ಸಕ್ಕರೆಯ ಕಣ ಎಲ್ಲವನ್ನೂ ಬೆರಳು ಒದ್ದೆ ಮಾಡಿ ಒತ್ತಿ ತೆಗೆದು ಬಾಯಿಗೆ ಹಾಕಿಕೊಳ್ಳುವುದು. ಅನ್ನದ ಚೂರು ಕಾಲಡಿ ಸಿಕ್ಕರೆ ಪಾಪ. ಹೊಳೆಯುವ ಒಂದು ಕಣ ಅವರ ಬೆರಳಿಗೆ ಅಂಟಿತು, ಬಾಯಿಗೆ ಹೋಯಿತು.

ಅತ್ತೆ ಸ್ವಲ್ಪ ಹೊತ್ತು ಚೀಪಿದರು.

"ಈ ಸಲದ ಕಲ್ಲುಸಕ್ಕರೆ ಚೆನ್ನಾಗಿಲ್ಲ ಕೆಲಿನ್. ಸಿಹೀನೇ ಇಲ್ಲ." ನನಗೆ ತಲೆ ನರೆತರೂ ನಾನವರಿಗೆ ಇನ್ನೂ ಕೆಲಿನ್, ಹೊಸ ಸೊಸೆ.

"ಹಾಗಾದ್ರೆ ಉಗೀರಿ ಅತ್ತೆ."

"ತಿನ್ನೋದನ್ನ ಯಾರಾದ್ರೂ ಉಗೀತಾರಾ?" ಎಂದವರೇ ಕಚ್ಚಿದರು.

ಟಕ್ ಎಂದಿತು. ಅತ್ತೆ ಅಂಗೈಗೆ ಉಗುಳಿದರು. ಹರಳಿತ್ತು. ಪಕ್ಕದಲ್ಲಿ ಅವರದೇ ಹಲ್ಲಿನ ಚಿನ್ನದ ಟೋಪಿಯಿತ್ತು.

ಜಿಲೋಲಾ ಮೊದಲು ತನ್ನ ಹಲ್ಲು ಮುಟ್ಟಿ ನೋಡಿಕೊಂಡಳು. ಆಮೇಲೆ ಅಜ್ಜಿಯ ಬಾಯಿ ನೋಡಿದಳು. ಚಿನ್ನವಿದ್ದ ಜಾಗದಲ್ಲಿ ಕಂದು ಬಣ್ಣದ ಒಂದು ಮೋಟು.

"ಅದೇನಜ್ಜಿ?"

"ಹಲ್ಲು."

"ಇಷ್ಟೇನಾ?"

"ಇಷ್ಟು ಉಳಿಸಿದ್ರು. ಮುಂಚೆ ಸುಲಿದ ಬಾದಾಮಿ ತರ ಇತ್ತು. ನಮ್ಮತ್ತೆಗೆ ಬಾದಾಮಿ ಸಾಲಲಿಲ್ಲ."

ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದೇವೆ, ಈ ಮಾತು ನಾನು ಕೇಳಿರಲಿಲ್ಲ.

ಮರುದಿನ ಮೂವರೂ ಹಲ್ಲಿನ ಡಾಕ್ಟರ್ ಮಾಹ್ರೂ ಬಳಿ ಹೋದೆವು. ಅವಳು ಜಿಲೋಲಾಳ ಬಾಯಿ ನೋಡಿ, "ಉಗುರಿನ ಅಂಟು ಉಗುರಿಗೆ ಕಣಮ್ಮ. ಇದು ರೊಟ್ಟಿ ಹೋಗೋ ಜಾಗ. ವಸಡು ಊದಿದೆ ನೋಡು. ನಿದ್ದೇಲಿ ಬಿದ್ದು ಶ್ವಾಸನಾಳಕ್ಕೆ ಹೋಗಿದ್ರೆ?" ಎಂದಳು. ಉಳಿದಿದ್ದ ಅಂಟನ್ನು ಬಿಡಿಸಿ ಹಲ್ಲು ಚೊಕ್ಕ ಮಾಡಿದಳು. "ವಸಡು ವಾಸಿಯಾಗ್ಲಿ, ಆಮೇಲೆ ಬಾ. ಹಲ್ಲಿಗೆ ತಂತಿ ಕಟ್ಟೋಕೆ ಬಳಸೋ ಅಂಟಿದೆ, ಬೆಳಕು ಬಿಟ್ಟು ಗಟ್ಟಿ ಮಾಡ್ತೀನಿ. ಅರೆಯೋದೇನಿಲ್ಲ. ಸುತ್ತ ಚೆನ್ನಾಗಿ ಉಜ್ಜು, ಆ ಕಡೆ ಗಟ್ಟಿದು ಕಚ್ಬೇಡ. ಬೇಡ ಅನ್ನಿಸ್ದಾಗ ನನ್ನ ಹತ್ರಾನೇ ಬಾ, ಉಗುರಲ್ಲಿ ಕೀಳೋಕೆ ಹೋಗ್ಬೇಡ."

ಅತ್ತೆಯ ಮೋಟು ಕೊಳೆತಿತ್ತು. ಅದರ ಮೇಲೆ ಇನ್ನು ಚಿನ್ನ ನಿಲ್ಲುವುದಿಲ್ಲ, ಕೀಳಬೇಕು ಎಂದಳು ಡಾಕ್ಟರ್. ಅತ್ತೆ ಕರವಸ್ತ್ರದ ಗಂಟು ಬಿಚ್ಚಿ ಟೋಪಿಯನ್ನು ಮೇಜಿನ ಮೇಲಿಟ್ಟರು.

"ಹಾಗಾದ್ರೆ ಇದನ್ನ ಇವಳಿಗೆ ಹಾಕು. ಮಾತು ಕೊಟ್ಟಿದೀನಿ. ಎಷ್ಟು ಬೇಕೋ ಅಷ್ಟು ಅರೆ."

ಕೊನೆಗೂ ಹೇಳಿದೆ: "ಅರೆಯೋದು ಬೇಡ ಅತ್ತೆ."

ಅವರು ನನ್ನ ಬಾಯನ್ನೇ ನೋಡಿದರು, ಒಂದೊಂದು ಹಲ್ಲನ್ನೂ ಈಗ ಕಂಡವರಂತೆ. ಬೈಯಲಿಲ್ಲ.

"ಮತ್ತೆ ನನ್ನ ಮಾತು?"

"ಅಜ್ಜಿ, ಒಂದು ಚೂರು ಸಾಕು" ಅಂದಳು ಜಿಲೋಲಾ. "ಅಕ್ಕಸಾಲಿ ಹತ್ರ ತಗಡು ಬಡಿಸಿ ಚಿಕ್ಕ ನಕ್ಷತ್ರ ಕತ್ತರಿಸೋಣ. ಹರಳಿನ ಬದಲು ಅದನ್ನೇ ಅಂಟಿಸ್ಲಿ." ಆಮೇಲೆ ಡಾಕ್ಟರ್ ಕಡೆ ತಿರುಗಿ ಮೆಲ್ಲಗೆ, "ಕುದಿಸ್ತೀರ ತಾನೆ?"

"ನಿಮ್ಮಜ್ಜಿ ಬಾಯಿ ಅಂತ ಎರಡು ಸಲ ಕುದಿಸ್ತೀನಿ."

"ನನ್ನ ಬಾಯಿ ನಿನ್ನ ಪಾತ್ರೆಗಿಂತ ಚೊಕ್ಕ ಇದೆ" ಅಂದರು ಅತ್ತೆ. ಬಾಗಿಲ ತನಕ ಹೋದವರು ತಿರುಗಿ ನಿಂತರು. "ನಂಗೆ ಹೊಸ ಹಲ್ಲು ಕಟ್ತೀಯಲ್ಲ, ಅದರ ಮೇಲೆ ಆ ಬಾಟ್ಲಿ ಚೂರು ಅಂಟತ್ತಾ?"

ಮದುವೆಯ ದಿನ ಊಟದ ಮನೆ ಕಿಕ್ಕಿರಿದಿತ್ತು. ಜಿಲೋಲಾ ತಲೆ ತಗ್ಗಿಸಿ, ತುಟಿ ಬಿಗಿದು, ಬಂದವರಿಗೆಲ್ಲ ಬಾಗಿ ಬಾಗಿ ಸಲಾಮು ಮಾಡಿದಳು. ನಮ್ಮಲ್ಲಿ ಮದುಮಗಳು ಹಲ್ಲು ಬಿಟ್ಟರೆ, ತವರು ಬಿಡುವುದಕ್ಕೇ ಕಾದಿದ್ದಳು ಅನ್ನುತ್ತಾರೆ. ಹಲ್ಲಿನ ಇಷ್ಟು ಗಲಾಟೆಯಲ್ಲಿ ಈ ಸಂಗತಿ ನಮ್ಮ ಮೂವರಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ.

"ನಗೇ. ಒಂದು ಸಲ ನಗೇ" ಎಂದು ಅತ್ತೆ ಹಿಂದಿನಿಂದ ಅನ್ನುತ್ತಲೇ ಇದ್ದರು. ಗಂಡಿನ ಕಡೆಯ ಹೆಂಗಸರು, ಪಾಪ ಮುದುಕಿಗೆ ಅರಳುಮರಳು ಎಂದುಕೊಂಡು ಅವರ ಮುಂದೆ ಇನ್ನೊಂದು ತಟ್ಟೆ ಪಲಾವ್ ಸರಿಸಿದರು.

ಜಿಲೋಲಾ ನಗಲಿಲ್ಲ. ನಕ್ಷತ್ರವನ್ನು ಯಾರೂ ಕಾಣಲಿಲ್ಲ. ಮದುವೆಯ ದಿನ ಅವಳ ಬಾಯಲ್ಲಿ ಅಜ್ಜಿಯ ಚಿನ್ನ ಇತ್ತು.