ಅಯ್ಯಾದನ ಸಮಾಧಾನ

ಬಲಗೈಯ ಹೆಬ್ಬೆರಳಿನ ಉಗುರಿನಡಿ ಹಿಟ್ಟು ಕಲ್ಲಿನಂತೆ ಕಚ್ಚಿಕೊಂಡಿತ್ತು. ಇನ್ಸಾಫ್ ಬಿಸಿನೀರಲ್ಲಿ ಬಟ್ಟೆ ಅದ್ದಿ, ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತಿಕ್ಕುತ್ತಿದ್ದಳು. ಗಂಡಸರು ಮೈ ತೊಳೆದು, ಬಿಳಿ ನಿಲುವಂಗಿ ತೊಡಿಸಿ ಹೊರಗೆ ಹೋಗಿದ್ದರು. ಕೈಗಳನ್ನು ಮಾತ್ರ ಯಾರೂ ಸರಿಯಾಗಿ ನೋಡಿರಲಿಲ್ಲ.

"ಸಾಕು ಬಿಡೇ," ಎಂದಳು ಲವಾಹೆಜ್ ಅತ್ತೆ, ಸತ್ತವನ ತಂಗಿ. "ಹನ್ನೆರಡಕ್ಕೆ ಪೆಟ್ಟಿಗೆ ಚರ್ಚಿಗೆ ಹೋಗ್ಬೇಕು. ಐವತ್ತು ವರ್ಷ ಪೂಜೆಯ ರೊಟ್ಟಿ ತಟ್ಟಿದ ಕೈ ಅದು. ಒಂಚೂರು ಹಿಟ್ಟು ಜೊತೇಲಿ ಹೋದ್ರೆ ದೇವರೇನು ಬಯ್ಯಲ್ಲ."

"ಕೊಳಕು ಕೈಲಿ ಕಳಿಸ್ಲಾ?"

"ಅದನ್ನ ಕೊಳಕು ಅಂತೀಯಲ್ಲೇ!"

ಅಯ್ಯಾದ್ ಸತ್ತದ್ದು ಆ ಬೆಳಗಿನ ಜಾವ, ಚರ್ಚಿನ ಹಿಂದಿನ ರೊಟ್ಟಿಮನೆಯಲ್ಲಿ. ಭಾನುವಾರದ ಪೂಜೆಗೆ ಹಿಟ್ಟು ನಾದುತ್ತ, ಎಂದಿನಂತೆ ಕೀರ್ತನೆ ಹೇಳುತ್ತ ಇದ್ದವನು ಹಾಗೆಯೇ ಹರಿವಾಣದ ಮೇಲೆ ಬಾಗಿದ್ದ. ಕೀರ್ತನೆ ನಿಂತದ್ದನ್ನು ಕೇಳಿಯೇ ಗಂಟೆ ಹೊಡೆಯುವವನು ಒಳಗೆ ಓಡಿದ್ದು.

ಪಕ್ಕದ ಮನೆಯ ಉಮ್ಮ್ ಮಲಾಕ್ ಬಾಗಿ ಹೆಣದ ಮುಖ ನೋಡಿದಳು. "ನೋಡ್ರೇ, ಮದುಮಗನ ಹಾಗೆ ನಗ್ತಿದ್ದಾನೆ. ಎಂಥಾ ಸಮಾಧಾನ!"

"ನಗದೆ ಇನ್ನೇನು ಮಾಡ್ತಾನೆ," ಎಂದಳು ಇನ್ಸಾಫ್. "ಮಗ ಸತ್ತಾಗ್ಲೇ ನಕ್ಕೋನು."

ಅತ್ತೆ ಅವಳ ತೋಳನ್ನು ಚಿವುಟಿದಳು. ಇನ್ಸಾಫ್ ಬಟ್ಟೆ ಹಿಂಡಿ, ಮುಂದಿನ ಬೆರಳು ಹಿಡಿದಳು.

*

ಹನ್ನೊಂದು ವರ್ಷದ ಹಿಂದೆ ಅವಳ ತಮ್ಮ ನಸೀಫ್ ಮದುವೆಗೆಂದು ಮನೆಯ ಮೇಲೊಂದು ಕೋಣೆ ಕಟ್ಟಿಸುತ್ತಿದ್ದ. ಅದು ಕೋಣೆಯಲ್ಲ, ಗುಟ್ಟಾಗಿ ಏಳುತ್ತಿರುವ ಚರ್ಚು ಎಂದು ಯಾರೋ ಗಾಳಿಮಾತು ಹಬ್ಬಿಸಿದರು. ಒಂದು ಮಧ್ಯಾಹ್ನ ಮುಸ್ಲಿಂ ಕೇರಿಯ ಜನ ಬೀದಿ ತುಂಬ ಸೇರಿದರು. ಕಲ್ಲುಗಣಿಯಲ್ಲಿ ದುಡಿಯುತ್ತಿದ್ದ ಮಹರೂಸ್ ಎಂಬವನ ಕೈಯ ಕಬ್ಬಿಣದ ಸರಳು ನಸೀಫನ ತಲೆಗೆ ಬಿತ್ತು. ಇನ್ಸಾಫ್ ಆಗ ಊರಲ್ಲಿರಲಿಲ್ಲ. ಹೊಲಿದ ಶಾಲಾ ಸಮವಸ್ತ್ರಗಳ ಗಂಟು ಕೊಡಲು ಮಲ್ಲವಿ ಪಟ್ಟಣಕ್ಕೆ ಹೋಗಿದ್ದಳು. ಅವಳು ಆಸ್ಪತ್ರೆ ತಲುಪುವ ಹೊತ್ತಿಗೆ ತಮ್ಮನಿಗೆ ಮಾತು ನಿಂತಿತ್ತು. ಮೂರನೆಯ ದಿನ ಉಸಿರೂ ನಿಂತಿತು.

ಕೋರ್ಟು ಕಚೇರಿ ಆಗಲಿಲ್ಲ. ಊರ ಗೌಡನ ಹಜಾರದಲ್ಲಿ ಹಿರಿಯರು ಕೂತರು. ಎರಡೂ ಕಡೆಯ ಹುಡುಗರು ಠಾಣೆಯಲ್ಲಿದ್ದರು. ಅಯ್ಯಾದ್ ರುಜು ಹಾಕಿದರೆ ಎಲ್ಲರೂ ಮನೆಗೆ, ಇಲ್ಲದಿದ್ದರೆ ಊರಿಗೆ ಬೆಂಕಿ ಎಂದರು. ಅವನು ರುಜು ಹಾಕಿದ. ಮಹರೂಸನ ಮನೆಯವರು ರಾಜಿಯ ಊಟಕ್ಕೆ ಒಂದು ಕರು ಕಡಿದರು. ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಮರುದಿನ ಭಾನುವಾರ. ನಸುಕಿನಲ್ಲಿ ರೊಟ್ಟಿಮನೆಯಿಂದ ಅಪ್ಪನ ದನಿ ಕೇಳಿ ಇನ್ಸಾಫ್ ಎದ್ದು ಕೂತಳು. ಅವನು ಹಾಡುತ್ತಿದ್ದ. ಅಳುವ ದನಿಯಲ್ಲ, ನಡುಗುವ ದನಿಯೂ ಅಲ್ಲ. ಅಮ್ಮ ಬಹೀಗಾ ಬರಿಗಾಲಲ್ಲಿ ಚರ್ಚಿನ ಅಂಗಳ ದಾಟಿ ಓಡಿದಳು, ಹಿಂದೆಯೇ ಇನ್ಸಾಫ್.

"ನಿಂಗೆ ಹುಚ್ಚು ಹಿಡಿದಿದ್ಯಾ?" ಎಂದು ಅಮ್ಮ ಕಿರುಚಿದಳು. "ಗೋರಿ ಬಾಗಿಲು ಮೊನ್ನೆಯಷ್ಟೇ ಮುಚ್ಚಿದೆ!"

ಅಪ್ಪ ಮುಖವೆತ್ತಿ ಶಾಂತವಾಗಿ ನಕ್ಕ. ಆ ಮುಖವನ್ನು ಇನ್ಸಾಫ್ ಇವತ್ತಿಗೂ ಮರೆತಿಲ್ಲ. ಅದು ನಟನೆಯಾಗಿದ್ದರೆ ಅವಳು ಎಂದೋ ಕ್ಷಮಿಸಿಬಿಡುತ್ತಿದ್ದಳು. ಆದರೆ ಅದು ನಿಜವಾಗಿತ್ತು.

"ನಾನು ಸಾಯೋಣ ಅಂತ್ಲೇ ಬಂದೆ ಬಹೀಗಾ," ಎಂದ ಅವನು, ಮೆಲ್ಲಗೆ. "ಒಲೆ ಬಾಗಿಲು ತೆಗೆದು ಸುಮಾರು ಹೊತ್ತು ನಿಂತಿದ್ದೆ. ಆಮೇಲೆ, ಪೂಜೆಗೆ ರೊಟ್ಟಿ ಬೇಕಲ್ಲ, ಇದೊಂದು ಮುಗಿಸಿಬಿಡೋಣ ಅಂತ ಹಿಟ್ಟಿಗೆ ಕೈ ಹಾಕ್ದೆ. ಮೂರನೇ ಕೀರ್ತನೆಗೆ ಬರೋಷ್ಟ್ರಲ್ಲಿ ಯಾರೋ ಬಂದು ಪಕ್ಕದಲ್ಲಿ ಕೂತ ಹಾಗಾಯ್ತು. ನಾನು ಮಾಡ್ಕೊಂಡಿದ್ದಲ್ಲ. ತಾನಾಗೇ ಬಂತು."

ಅಮ್ಮ ಹಿಟ್ಟಿನ ಹರಿವಾಣವನ್ನು ನೋಡಿದಳು, ಒಲೆಯನ್ನು ನೋಡಿದಳು, ಗಂಡನ ಪಕ್ಕದ ಖಾಲಿ ಜಾಗವನ್ನು ನೋಡಿದಳು.

"ನನ್ನ ಪಕ್ಕಕ್ಕೆ ಯಾಕೆ ಬರ್ಲಿಲ್ಲ?" ಎಂದು ಕೇಳಿದಳು.

ಅಪ್ಪ ಹಿಟ್ಟಿನ ಕೈ ಒರೆಸಿಕೊಂಡ. "ಪ್ರಾರ್ಥನೆ ಮಾಡು," ಎಂದ.

*

ಚರ್ಚು ಕಿಕ್ಕಿರಿದಿತ್ತು. ಹೆಂಗಸರ ಸಾಲಿನ ಮುಂದೆ ಇನ್ಸಾಫ್, ಪಕ್ಕದಲ್ಲಿ ಅತ್ತೆ. ಊರ ಪಾದ್ರಿ ಅಬೂನಾ ಬೆಸಾದಾ ಪೆಟ್ಟಿಗೆಯ ಪಕ್ಕ ನಿಂತು ಮಾತಾಡಿದರು.

"ಅಯ್ಯಾದ್ ನಮಗೆ ಹೊಲ ಬಿಟ್ಟು ಹೋಗಿಲ್ಲ, ಹಣ ಬಿಟ್ಟು ಹೋಗಿಲ್ಲ. ಸಂತೋಷ ಬಿಟ್ಟು ಹೋಗಿದ್ದಾನೆ. ನಮ್ಮ ಬೀದಿಗಳಲ್ಲಿ ಭಯ ಇದ್ದ ಕಾಲದಲ್ಲಿ, ಭಾನುವಾರದ ಜಾವ ಅವನ ದನಿ ಕೇಳಿದ್ರೆ ಸಾಕಿತ್ತು, ಇವತ್ತೂ ಬದುಕಬಹುದು ಅನ್ನಿಸ್ತಿತ್ತು. ಮಗನಂತೂ, ಹೊಡೆದವರನ್ನ ಕ್ಷಮಿಸ್ತಾ ಪ್ರಾಣ ಬಿಟ್ಟ. ಅಂಥ ಮಗನಿಗೆ ತಕ್ಕ ಅಪ್ಪ."

ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಅಪ್ಪನ ಬಗ್ಗೆ ಅಬೂನಾ ಹೇಳಿದ್ದು ಸುಳ್ಳಲ್ಲ ಎಂದು ಇನ್ಸಾಫಳಿಗೆ ಗೊತ್ತಿತ್ತು. ಗಂಡ ಬಿಟ್ಟವರು, ಕೆಲಸ ಕಳೆದುಕೊಂಡವರು, ಮಗು ಸತ್ತವರು ರೊಟ್ಟಿಮನೆಗೆ ಬಂದು ಅಪ್ಪನ ಪಕ್ಕ ಕೂತು, ಮುಖ ತೊಳೆದಂತಾಗಿ ಹೋಗುವುದನ್ನು ಅವಳು ಕಂಡಿದ್ದಳು. ಅವಳೂ ಒಮ್ಮೆ ಹೋಗಿ ಕೂತಿದ್ದಳು. ಹೊಗೆಯಿಂದ ಕಣ್ಣುರಿಯಿತು, ಅಷ್ಟೇ.

ಪೆಟ್ಟಿಗೆ ಎತ್ತುವಾಗ ಗಲಾಟೆಯಾಯಿತು. ಹಿಂದಿನ ಎಡ ಮೂಲೆಗೆ ಹೆಗಲು ಕೊಡಲು ಬಂದವನ ತಲೆಗೂದಲಲ್ಲಿ ಗಣಿಯ ಬಿಳಿ ಧೂಳಿತ್ತು. ಇನ್ಸಾಫಳ ದೊಡ್ಡಪ್ಪನ ಮಗ ಶುಕ್ರಿ ಅವನ ಎದೆಗೆ ಕೈಯಿಟ್ಟು ತಳ್ಳಿದ.

"ಏನೋ ಮಹರೂಸ್, ನಮ್ಮನೇದು ಒಂದು ಹೆಣ ಸಾಲ್ಲಿಲ್ವಾ ನಿಂಗೆ?"

"ಬಿಡು ಶುಕ್ರಿ," ಎಂದರು ಅಬೂನಾ. "ಅಯ್ಯಾದ್ ಇದ್ದಿದ್ರೆ ಬಿಡ್ತಿದ್ದ."

"ಇಲ್ವಲ್ಲ ಅಬೂನಾ!"

ಮಹರೂಸ್ ತಾನೇ ಹಿಂದೆ ಸರಿದ. ಹೊರಗೆ ಹೋಗಲಿಲ್ಲ, ಕಂಬಕ್ಕೆ ಆತು ನಿಂತ, ಟೋಪಿ ಎರಡೂ ಕೈಯಲ್ಲಿ ಹಿಡಿದು. ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದುದನ್ನು ಇನ್ಸಾಫ್ ಕಂಡಳು.

"ಇವನ್ಯಾಕೆ ಅಳ್ತಾನೆ?" ಎಂದು ಅತ್ತೆಯನ್ನು ಕೇಳಿದಳು.

ಅತ್ತೆ ತಲೆಯ ಕಪ್ಪು ಬಟ್ಟೆ ಸರಿಮಾಡಿಕೊಂಡಳು. "ಶನಿವಾರ ಸಂಜೆ ರೊಟ್ಟಿಮನೆ ಹಿಂಬಾಗಿಲಿಗೆ ಬರ್ತಿದ್ದ. ನಿಮ್ಮಪ್ಪ ಕೂರಿಸ್ಕೊಂಡು ಟೀ ಕೊಡ್ತಿದ್ದ."

"ಎಷ್ಟು ದಿನದಿಂದ?"

"ನಿಮ್ಮಮ್ಮ ಹೋದ ವರ್ಷದಿಂದ."

"ಒಂಬತ್ತು ವರ್ಷ," ಎಂದಳು ಇನ್ಸಾಫ್. "ನಂಗೊಬ್ಬಳಿಗೇ ಗೊತ್ತಿರ್ಲಿಲ್ವಾ?"

"ನಿಂಗೆ ಹೇಳೋ ಧೈರ್ಯ ಯಾರಿಗಿತ್ತೇ?"

*

ಗೋರಿಗಳೆಲ್ಲ ನೈಲ್ ನದಿಯ ಆಚೆ ದಡದಲ್ಲಿ, ಗುಡ್ಡದ ಬುಡದಲ್ಲಿ. ಪೆಟ್ಟಿಗೆ, ಪಾದ್ರಿ, ನೆಂಟರು, ಎಲ್ಲರೂ ಲಾಂಚು ಹತ್ತಿ ದಾಟಿದರು. ಮನೆತನದ ಗೋರಿಯ ಕಬ್ಬಿಣದ ಬಾಗಿಲು ತೆಗೆದಾಗ ಒಳಗಿನ ತಂಪು ಗಾಳಿ ಮುಖಕ್ಕೆ ಬಡಿಯಿತು. ಎಡಕ್ಕೆ ನಸೀಫನ ಪೆಟ್ಟಿಗೆ, ಪಕ್ಕದಲ್ಲಿ ಅಮ್ಮನದು. ಅಪ್ಪನದನ್ನು ಅಮ್ಮನ ಪಕ್ಕಕ್ಕೆ ಸರಿಸಿದರು.

ಅಮ್ಮನಿಗೆ ಸಮಾಧಾನ ಬರಲೇ ಇಲ್ಲ. ಎರಡು ವರ್ಷ ಅವಳು ಉಪವಾಸ ಮಾಡಿದಳು, ಮಠಗಳಿಗೆ ಹರಕೆ ಹೊತ್ತಳು, ಗಂಡ ಹೇಳಿದ ಕೀರ್ತನೆಗಳನ್ನೆಲ್ಲ ಬಾಯಿಪಾಠ ಮಾಡಿದಳು. ಕೊನೆಯ ವಾರ ಗೋಡೆಯ ಕಡೆ ಮುಖ ಮಾಡಿ ಮಲಗಿ, ಅವನು ಒಳಗೆ ಬಂದರೆ, "ನಿನ್ನ ಸಂತೋಷ ತಗೊಂಡು ಆಚೆ ಹೋಗು," ಎನ್ನುತ್ತಿದ್ದಳು. ಅವನು ಬಾಗಿಲಾಚೆ ಕೂತು ಅವಳಿಗಾಗಿ ಪ್ರಾರ್ಥಿಸುತ್ತಿದ್ದ. ಅವಳು ಅದನ್ನು ಕೇಳಿಸಿಕೊಳ್ಳುತ್ತ ಸತ್ತಳು.

ಅದೇ ವರ್ಷ, ಕೊಂದವನಿಗೆ ಟೀ.

ಕಬ್ಬಿಣದ ಬಾಗಿಲು ಮುಚ್ಚಿತು. ಇನ್ಸಾಫಳ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ.

*

ಮರಳುವ ಲಾಂಚಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಸೇರಿಕೊಂಡಿತ್ತು. ಜನ ಅದರ ಸುತ್ತ ಒತ್ತಿ ನಿಂತರು. ದೂರದಿಂದಲೇ ಗೋರಿಯವರೆಗೆ ಹಿಂಬಾಲಿಸಿ ಬಂದಿದ್ದ ಮಹರೂಸ್, ಟ್ರ್ಯಾಕ್ಟರಿನ ಹಿಂದೆ, ಕಂಬಿಯ ಪಕ್ಕ ಒಬ್ಬನೇ ಕೂತಿದ್ದ. ಇನ್ಸಾಫ್ ಅತ್ತೆಯ ಕೈ ಬಿಡಿಸಿಕೊಂಡು ನೇರ ಅವನ ಮುಂದೆ ಹೋಗಿ ನಿಂತಳು.

ಅವನು ಗಡಬಡಿಸಿ ಎದ್ದ. "ಅಕ್ಕಾ, ದೇವರು ನಿಮಗೆ..."

"ಅಕ್ಕ ಅನ್ಬೇಡ. ನಂಗಿದ್ದಿದ್ದು ಒಬ್ಬನೇ ತಮ್ಮ."

ಅವನು ಒಂದು ಹೆಜ್ಜೆ ಹಿಂದೆ ಸರಿದು ಕಂಬಿಗೆ ತಾಗಿದ.

"ನಮ್ಮಪ್ಪನ ಹತ್ರ ಕೂತು ಏನು ಮಾತಾಡ್ತಿದ್ದೆ?"

"ಅವರೇ ಮಾತಾಡ್ತಿದ್ರು. ಒಲೆ ವಿಷಯ, ಹಿಟ್ಟಿನ ವಿಷಯ. ನನ್ನ ಮಕ್ಕಳು ಶಾಲೆಗೆ ಹೋಗ್ತಾರಾ ಅಂತ ಕೇಳ್ತಿದ್ರು."

"ನಸೀಫನ ವಿಷಯ?"

ಮಹರೂಸ್ ನೀರಿನ ಕಡೆ ನೋಡಿದ. "ನಾನು ಹೋಗ್ತಿದ್ದಿದ್ದೇ ಅದನ್ನ ಹೇಳೋಕೆ. ಬಾಯಿ ತೆಗೆದ ಕೂಡ್ಲೇ ಕೈ ಹಿಡ್ಕೊಂಡು, 'ಆಯ್ತಪ್ಪ, ಅದು ಮುಗೀತು, ದೇವರು ತಗೊಂಡ' ಅಂತಿದ್ರು. ಒಂಬತ್ತು ವರ್ಷ ಕ್ಷಮಿಸಿದ್ರು. ನಾನು ಹೇಳೋದನ್ನ ಒಂದು ದಿನಾನೂ ಕೇಳ್ಲಿಲ್ಲ."

"ಮನಸ್ಸು ಹಗುರ ಆಯ್ತಾ ನಿಂಗೆ?"

"ಅವರ ಪಕ್ಕ ಕೂತಿರೋಷ್ಟು ಹೊತ್ತು ಆಗ್ತಿತ್ತು. ಸುಳ್ಳು ಯಾಕೆ ಹೇಳ್ಲಿ. ಬಾಗಿಲು ದಾಟಿದ್ರೆ ಮತ್ತೆ ಅದೇ."

ಇನ್ಸಾಫ್ ಅಲ್ಲೇ ನೆಲದ ಮೇಲೆ, ಕಬ್ಬಿಣದ ಹಲಗೆಯ ಮೇಲೆ ಕೂತುಬಿಟ್ಟಳು. "ಕೂತ್ಕೋ. ಕೋರ್ಟಲ್ಲಿ ಹೇಳ್ಬೇಕಾಗಿದ್ದು, ಕೋರ್ಟೇ ಆಗ್ಲಿಲ್ಲ. ನಂಗೆ ಹೇಳು. ಮೊದಲಿಂದ ಹೇಳು."

"ಇವತ್ತಾ?"

"ಹನ್ನೊಂದು ವರ್ಷ ಸಾಲ್ದೇನೋ?"

ಅವನು ಕೂತ. ಕೈಗಳನ್ನು ಮೊಣಕಾಲ ನಡುವೆ ಅದುಮಿಕೊಂಡ. ಸರಳು ತನ್ನದಲ್ಲ, ಕೋಣೆ ಕಟ್ಟಲು ತಂದಿಟ್ಟ ರಾಶಿಯಿಂದಲೇ ಎತ್ತಿಕೊಂಡದ್ದು ಎಂದ. ಹೊಡೆಯುವ ಮನಸ್ಸಿರಲಿಲ್ಲ ಎನ್ನಲು ಹೋಗಿ, ಅವಳ ಮುಖ ನೋಡಿ, "ಇತ್ತು," ಎಂದ. "ನಸೀಫ್ ಮೆಟ್ಟಿಲಿಳಿದು ಬಾಗಿಲು ಹಾಕೋಕೆ ಬಂದ. ನಾನು ಕಾಲು ಅಡ್ಡ ಇಟ್ಟೆ."

"ಆಗ ಏನಂದ ಅವನು? ಕ್ಷಮಿಸ್ದೆ ಅಂದ್ನಂತಲ್ಲ."

"ಯಾರು ಹೇಳಿದ್ದು?"

"ಎಲ್ರೂ. ಅಬೂನಾ ಇವತ್ತೂ ಹೇಳಿದ್ರಲ್ಲ."

ಮಹರೂಸ್ ತಡವರಿಸಿದ. "ಬಯ್ದ."

"ಏನಂತ?"

"ಬೇಡ ಬಿಡಿ, ಹೆಂಗಸರ ಮುಂದೆ ಹೇಳೋ ಮಾತಲ್ಲ. ನಮ್ಮಮ್ಮನಿಂದ ಶುರು ಮಾಡಿ ಏಳು ತಲೆಮಾರಿಗೆ ಬಯ್ದ. ನನ್ನ ಗಂಟಲು ಹಿಡಿದ. ಬಿಡಿಸ್ಕೊಳ್ಳೋಕೆ ಹೋದ್ರೆ ಕಚ್ಚಿದ."

ಅವನು ಎಡಗೈ ಚಾಚಿದ. ಹೆಬ್ಬೆರಳಿನ ಬುಡದಲ್ಲಿ, ಗಣಿಯ ಸುಣ್ಣಕ್ಕೆ ಬಿರಿದ ಚರ್ಮದ ನಡುವೆ, ಅರ್ಧಚಂದ್ರದ ಹಳೆಯ ಗಾಯ. ಇನ್ಸಾಫ್ ಆ ಕೈಯನ್ನು ಬೆಳಕಿಗೆ ಎಳೆದುಕೊಂಡಳು. ಹಲ್ಲಿನ ಗುರುತುಗಳು ಸಾಲಾಗಿದ್ದವು, ನಡುವೆ ಒಂದು ಕಡೆ ಮಾತ್ರ ಖಾಲಿ. ಏಳು ವರ್ಷದವನಿದ್ದಾಗ ನಸೀಫ್ ಹಿಪ್ಪುನೇರಳೆ ಮರದಿಂದ ಬಿದ್ದು ಮುಂದಿನ ಹಲ್ಲು ಅರ್ಧಕ್ಕೆ ಮುರಿದುಕೊಂಡಿದ್ದ. ಅವನನ್ನು ಬೆನ್ನ ಮೇಲೆ ಹೊತ್ತು ಮನೆಗೆ ತಂದವಳು ಅವಳೇ. ಹೆಗಲೆಲ್ಲ ಅವನ ರಕ್ತವಾಗಿತ್ತು. ದಾರಿಯುದ್ದಕ್ಕೂ ಅವನು ಮರಕ್ಕೆ ಬಯ್ಯುತ್ತಿದ್ದ.

ಅವಳ ಗಂಟಲಿಂದ ಏನೋ ಒಡೆದು ಬಂತು. ಅಳು ಎಂದುಕೊಂಡು ಟ್ರ್ಯಾಕ್ಟರಿನ ಆಚೆಯಿದ್ದ ಹೆಂಗಸರು ತಿರುಗಿ ನೋಡಿದರು. ಅವಳು ನಗುತ್ತಿದ್ದಳು. ಅಪ್ಪನ ಮುಖದ ಮೇಲಿದ್ದಂಥ ಶಾಂತವಾದ ನಗುವಲ್ಲ. ಮೈಯೆಲ್ಲ ಅಲುಗಾಡಿಸುವ, ಉಸಿರು ಕಟ್ಟಿಸುವ ನಗು.

"ಕಚ್ಚಿದ್ನಾ," ಎಂದಳು. "ನನ್ನ ತಮ್ಮ. ಕಚ್ಚಿದ್ನಾ."

"ತುಂಬ ಬಲವಾಗಿ," ಎಂದ ಮಹರೂಸ್. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು.

ಲಾಂಚು ದಡಕ್ಕೆ ತಾಗಿ ಮುಗ್ಗರಿಸಿತು. ಮುಂದಿನ ಹಲಗೆ ದಢಾರನೆ ಬಿತ್ತು. ಅಬೂನಾ ಇಳಿದರು, ಶುಕ್ರಿ ಇಳಿದ, ಟ್ರ್ಯಾಕ್ಟರು ಹೊಗೆಯುಗುಳುತ್ತ ಏರು ಹತ್ತಿತು. ಆಚೆ ದಡಕ್ಕೆ ಹೋಗುವವರು ಕೋಳಿಬುಟ್ಟಿ, ಗೊಬ್ಬರದ ಚೀಲ ಹೊತ್ತು ಹತ್ತತೊಡಗಿದರು.

"ಇನ್ಸಾಫ್! ಮನೇಲಿ ಜನ ಕಾಯ್ತಿದ್ದಾರೆ ಕಣೇ!" ಅತ್ತೆ ದಡದಿಂದ ಕೂಗಿದಳು.

ಮಹರೂಸ್ ಏಳಲು ಹೋದ. ಇನ್ಸಾಫ್ ಮಣಿಕಟ್ಟು ಬಿಡಲಿಲ್ಲ.

"ಕಚ್ಚಿದ. ಆಮೇಲೆ?"

"ಆಮೇಲೆ ನಾನು..."

"ಹೇಳು."

ಸರಪಳಿ ಕಿರುಗುಟ್ಟಿ ಹಲಗೆ ಮೇಲೆದ್ದಿತು. ಲಾಂಚು ಕಂದು ನೀರನ್ನು ಕಡೆಯುತ್ತ ಹಿಂದೆ ಸರಿದು ಮತ್ತೆ ಗುಡ್ಡಗಳ ಕಡೆ ತಿರುಗಿತು. ಲವಾಹೆಜ್ ಅತ್ತೆ ಕೆಸರಿನಲ್ಲಿ ಮೊಣಕಾಲವರೆಗೆ ಇಳಿದು ಎರಡೂ ಕೈ ಬೀಸಿ ಕೂಗುತ್ತಿದ್ದಳು. ಕೋಳಿಬುಟ್ಟಿಗಳ ನಡುವೆ ಕಪ್ಪು ಬಟ್ಟೆಯ ಹೆಂಗಸು, ಕಳ್ಳನನ್ನು ಹಿಡಿದ ಹಾಗೆ ಒಬ್ಬ ಗಂಡಸಿನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಅವನ ಬಾಯಿಯನ್ನೇ ನೋಡುತ್ತ, ನದಿಯ ನಡುವಿನತ್ತ ಸಾಗಿ ಹೋಗುತ್ತಿದ್ದಳು.