ಒಂದು ಮೀಟರ್ ಹೆಚ್ಚು

ನಮ್ಮ ಕಾಲೇಜಿನಲ್ಲಿ ಸರ್ವೆ ಕಲಿಯುವವರಿಗೆ ಮೊದಲ ಪ್ರಯೋಗವೆಂದರೆ ಕೆಳಗಿನ ಕಾರಿಡಾರನ್ನು ಟೇಪು ಹಿಡಿದು ಅಳೆಯುವುದು. ಈ ವರ್ಷ ನಲವತ್ತೊಂದು ಜನ 61.42 ಮೀಟರ್ ಎಂದು ಬರೆದರು. ಒಬ್ಬಳು ಮಾತ್ರ, ತರಗತಿಯವರು ‘ಮೌನಿ’ ಎಂದು ಕರೆಯುವ ಹುಡುಗಿ, 60.43 ಎಂದು ಬರೆದಳು. ಅಳೆಯದೇ ಅಂಕಿ ಹುಟ್ಟಿಸಿದ್ದಾಳೆ ಎಂದು ನಾನೇ ಪ್ರಿನ್ಸಿಪಾಲರಿಗೆ ದೂರು ಕೊಟ್ಟೆ. ಸುಳ್ಳು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ದೂರು ಸಾಬೀತಾದರೆ ಅವಳಿಗೆ ಒಂದು ವರ್ಷ ಹೋದಂತೆ. ವಿಚಾರಣೆ ಮಧ್ಯಾಹ್ನ ಮೂರಕ್ಕಿತ್ತು.

ಬೆಳಿಗ್ಗೆ ಅವಳು ಸ್ಟಾಫ್ ರೂಮಿಗೆ ಬಂದಳು. ಅಳುತ್ತಾಳೆ ಎಂದುಕೊಂಡಿದ್ದೆ.

“ಮೇಡಂ, ನಲವತ್ತೊಂದು ಜನ ಅಳೆದ್ರೆ ಒಂದ್ ಸೆಂಟಿಮೀಟರಾದ್ರೂ ಆಚೆ ಈಚೆ ಆಗಲ್ವಾ?” ಅಷ್ಟೇ ಕೇಳಿ ಹೊರಟುಹೋದಳು.

ಪುಣ್ಯಾತ್ಗಿತ್ತಿ, ತಲೆಗೆ ಹುಳ ಬಿಟ್ಟು ಹೋದಳು. ತಡೆಯಲಾರದೆ ಅಟೆಂಡರನ್ನು ಕರೆದುಕೊಂಡು ಟೇಪಿನೊಂದಿಗೆ ಕಾರಿಡಾರಿಗೆ ಹೋದೆ.

“ನಿಧಾನಕ್ಕೆ ಎಳೀರಿ ಮೇಡಂ, ಗೋಡೆ ಎಲ್ಲೂ ಓಡಿಹೋಗಲ್ಲ” ಎಂದರು ಅವರು.

60.42 ಬಂತು. ಮತ್ತೊಮ್ಮೆ ಅಳೆದೆ. ಅಷ್ಟೇ. ಒಗೆದ ಮೇಲೆ ಕುಗ್ಗಲು ಕಾರಿಡಾರೇನು ಹೊಸ ಬಟ್ಟೆಯೇ?

ಹಾಗಾದರೆ ಆ ಹೆಚ್ಚಿನ ಮೀಟರ್ ಎಲ್ಲಿಂದ ಬಂತು? ಉಗ್ರಾಣಕ್ಕೆ ಹೋಗಿ ಹಳೆಯ ರೆಕಾರ್ಡ್ ಪುಸ್ತಕಗಳ ಕಟ್ಟು ಬಿಚ್ಚಿದೆ. ಕಳೆದ ವರ್ಷ 61.42. ಅದರ ಹಿಂದಿನ ವರ್ಷವೂ 61.42. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಸೀನಿಯರ್ ಬರೆದದ್ದನ್ನು ಜೂನಿಯರ್ ಕಣ್ಣು ಮುಚ್ಚಿ ಇಳಿಸಿಕೊಂಡಿದ್ದಾನೆ. ಈ ಕಾಪಿಯ ಮೂಲಪುರುಷ ಯಾರೆಂದು ಹಿಡಿದೇ ತೀರುವ ಹುಮ್ಮಸ್ಸಿನಲ್ಲಿ ಊಟವನ್ನೂ ಮರೆತೆ.

ಎಲ್ಲಕ್ಕಿಂತ ಹಳೆಯ ಕಟ್ಟು ಹದಿನಾಲ್ಕು ವರ್ಷ ಹಿಂದಿನದು, ನಾನು ಕೆಲಸಕ್ಕೆ ಸೇರಿದ ವರ್ಷದ್ದು. ಮೇಲಿದ್ದದ್ದು ಹುಡುಗರಿಗೆ ತೋರಿಸಲು ನಾನೇ ಅಳೆದು ಬರೆದ ಮಾದರಿ. ಅಂಚಿನಲ್ಲಿ ಒಂದು ಸಾಲು: ‘ಟೇಪಿನ ತುದಿ ಮುರಿದಿದೆ, ಒಂದು ಮೀಟರ್ ಗುರುತಿನಿಂದ ಹಿಡಿದಿದೆ.’ ತುದಿ ಮುರಿದಾಗ ಎಲ್ಲರೂ ಹಾಗೇ ಹಿಡಿಯುತ್ತಾರೆ, ಆಮೇಲೆ ಒಂದು ಮೀಟರ್ ಕಳೆಯುತ್ತಾರೆ. ನಾನು ಕಳೆದಿರಲಿಲ್ಲ.

ಅದು ಹೋಗಲಿ, ತಪ್ಪು ಯಾರಿಗೆ ಆಗುವುದಿಲ್ಲ? ಕೆಳಗಿದ್ದ ಹುಡುಗರ ಪುಸ್ತಕಗಳನ್ನು ತೆರೆದೆ. 60.41. 60.44. 60.42. ಅವರು ಅಳೆಯುವ ಹೊತ್ತಿಗೆ ಹೊಸ ಟೇಪು ಬಂದಿತ್ತು, ಪಾಪ, ಒಬ್ಬೊಬ್ಬರೂ ಬಗ್ಗಿ ಕೂತು ಅಳೆದಿದ್ದರು. ಪ್ರತಿ ಅಂಕಿಯ ಮೇಲೂ ಕೆಂಪು ಗೀಟು. ಕೆಳಗೆ ನನ್ನದೇ ದುಂಡು ಅಕ್ಷರ: ‘ತಪ್ಪು. ಮಾದರಿ ನೋಡಿ ಬರೆಯಿರಿ.’

ನಾಚಿಕೆಯಿಂದಲೇ ಉಳಿದ ಕಟ್ಟುಗಳನ್ನೂ ಒಂದೊಂದಾಗಿ ತೆರೆದೆ. ನಂತರದ ವರ್ಷಗಳಲ್ಲಿ ಅಳೆಯುವವರು ಕಡಿಮೆಯಾಗುತ್ತಾ ಹೋಗಿದ್ದರು. ಅಳೆದು ಫಲವೇನು ಎಂದು ಅವರಿಗೆ ಗೊತ್ತಾಗಿತ್ತು.

ಮೂರು ಗಂಟೆಗೆ ಪುಸ್ತಕಗಳನ್ನು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟೆ. ಮೌನಿ ಮೂಲೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದಳು.

“ಇದೆಲ್ಲ ಯಾಕ್ರೀ? ಈ ಹುಡುಗಿ ಸುಳ್ಳು ಬರೆದಿದಾಳೋ ಇಲ್ವೋ, ಅಷ್ಟು ಹೇಳಿ” ಎಂದರು ಅವರು.

“ಇಲ್ಲ ಸರ್. ನಿಜವಾಗ್ಲೂ ಅಳೆದಿದ್ದು ಇವಳೊಬ್ಬಳೇ. ಉಳಿದವರದ್ದು ಕಾಪಿ.”

ಮೌನಿಯ ಕಟ್ಟಿದ ಕೈ ಸಡಿಲವಾಯಿತು.

“ಹಾಗಾದ್ರೆ ಕಾಪಿ ಹೊಡೆದವರ ಮೇಲೆ ದೂರು ಬರ್ಕೊಡಿ.” ಹೊಸ ಫಾರಂ ನನ್ನ ಮುಂದೆ ತಳ್ಳಿದರು.

ಆರೋಪಿ ಎಂಬ ಕಡೆ ನಲವತ್ತೊಂದು ಹೆಸರಿಗೆ ಸಾಲುವಷ್ಟು ಜಾಗವಿತ್ತು. ನಾನು ನನ್ನದೊಂದನ್ನೇ ಬರೆದು ಸಹಿ ಹಾಕಿದೆ.